‘ಟೆನ್ಶನ್ ಮಾತ್ರೆ’ ಎಲ್ಲಕ್ಕೂ ಮದ್ದಲ್ಲ

ಬೆಂಗಳೂರಿನ ಗಾಂಧಿನಗರದ ಮೆಡಿಕಲ್ ಸ್ಟೋರಿನಲ್ಲಿ ಕೊಂಡ ಆಲ್ಪ್ರಜೋಲಾಂ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದರೆ ಕೆಂಪು ಚೌಕದೊಳಗೆ ಎಚ್ಚರಿಕೆ ಕಾಣುತ್ತದೆ: ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಅಪಾಯ. 2014ರ ಮಾರ್ಚ್‌ನಿಂದ ಈ ಔಷಧ ಎಚ್1 ಪಟ್ಟಿಯಲ್ಲಿದೆ. ಚೀಟಿ ಬರೆದ ವೈದ್ಯರು ಯಾರು, ರೋಗಿ ಯಾರು, ಎಷ್ಟು ಕೊಟ್ಟರು ಎಂಬುದನ್ನೆಲ್ಲ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಇಷ್ಟಿದ್ದೂ ‘ಟೆನ್ಶನ್ ಮಾತ್ರೆ ತಾನೇ’ ಎಂದು ಮನೆಯವರ ಸ್ಟ್ರಿಪ್ಪಿನಿಂದ ಒಂದನ್ನು ಕಿತ್ತು ನುಂಗುವವರಿದ್ದಾರೆ.

ಹಾಗೆ ನುಂಗಿಸುವ ಒಂದು ಅನುಭವ ಬಾಯಿಬಿಟ್ಟು ಹೇಳಲೂ ಕಷ್ಟವಾದದ್ದು. ಮೆಜೆಸ್ಟಿಕ್‌ನ ಜನಜಂಗುಳಿಯಲ್ಲಿ ನಿಂತವರಿಗೆ ಇದ್ದಕ್ಕಿದ್ದಂತೆ ಕೈಕಾಲು ತನ್ನವಲ್ಲ ಅನ್ನಿಸುತ್ತದೆ, ತನ್ನ ದನಿಯೇ ಪರಕೀಯವಾಗಿ ಕೇಳಿಸುತ್ತದೆ, ಎದುರಿನ ಬಸ್ಸು ಗಾಜಿನಾಚೆ ಓಡುವಂತೆ ಕಾಣುತ್ತದೆ. ವೈದ್ಯರು ಇದನ್ನು ಡಿಪರ್ಸನಲೈಸೇಶನ್ ಎನ್ನುತ್ತಾರೆ. ಹುಚ್ಚು ಹಿಡಿಯುತ್ತಿದೆ ಎಂದು ದಿಗಿಲಾಗುವುದು ಸಹಜ, ಆದರೆ ಅದು ನಿಜವಲ್ಲ. ‘ಹೀಗೆ ಅನ್ನಿಸುತ್ತಿದೆ ಅಷ್ಟೆ’ ಎಂಬ ಅರಿವು ಇವರಲ್ಲಿ ಉಳಿದಿರುತ್ತದೆ. ಸೈಕೋಸಿಸ್ ಎಂಬ ತೀವ್ರ ಮನೋರೋಗದಲ್ಲಿ ಕೈಕೊಡುವುದು ಆ ಅರಿವೇ. ನಿದ್ದೆಗೆಟ್ಟಾಗ, ಗಾಬರಿಯಿಂದ ಏದುಸಿರು ಬಿಟ್ಟಾಗ, ಗಾಂಜಾ ಸೇದಿದಾಗ ಸ್ವಲ್ಪ ಹೊತ್ತು ಹೀಗಾಗುವುದುಂಟು.

ಮಾತ್ರೆ ನುಂಗಿದರೆ ಇದು ವಾಸಿಯಾಗುತ್ತದೆ ಎಂಬ ನಂಬಿಕೆ ಇನ್ನೂ ಅಪಾಯಕಾರಿ. ಆಲ್ಪ್ರಜೋಲಾಂ, ಡಯಾಜೆಪಾಂ ಗಾಬರಿಯನ್ನು ಬೇಗ ಇಳಿಸುತ್ತವೆ. ಗಾಬರಿಯ ಬೆನ್ನಿಗೆ ಬಂದ ಪರಕೀಯತೆಯೂ ಆಗ ಕರಗಬಹುದು. ಆದರೆ ದಿನಗಟ್ಟಲೆ ಬಿಡದೆ ಕಾಡುವ ಡಿಪರ್ಸನಲೈಸೇಶನ್‌ಗೆಂದೇ ಮಂಜೂರಾದ ಮಾತ್ರೆ ಇಲ್ಲ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಕೂಡ ಇದರ ಮೇಲೆ ಹುಸಿಮಾತ್ರೆಗಿಂತ ಹೆಚ್ಚಿನ ಕೆಲಸ ಮಾಡಲಿಲ್ಲ.

ಎಲ್ಲಕ್ಕಿಂತ ನೋವಿನ ಸಂಗತಿ ಬೇರೆಯೇ ಇದೆ. ಆಲ್ಪ್ರಜೋಲಾಂ ವಾರಗಟ್ಟಲೆ ನಡೆದರೆ ದೇಹ ಅದಕ್ಕೆ ಒಗ್ಗುತ್ತದೆ. ತಟ್ಟನೆ ನಿಲ್ಲಿಸಿದರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಯಾವುದಕ್ಕೆ ಹೆದರಿ ಮಾತ್ರೆ ಶುರುಮಾಡಿದರೋ ಆ ಪರಕೀಯತೆಯೇ ಮರಳಿ ಬರಬಹುದು. ‘ಕಾಯಿಲೆ ಜೋರಾಯಿತು’ ಎಂದುಕೊಂಡು ಇನ್ನೊಂದು ನುಂಗುತ್ತಾರೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಡೋಸ್ ಇಳಿಸುತ್ತಾರೆ. ಮದ್ಯದ ಜೊತೆಗಂತೂ ಬೇಡವೇ ಬೇಡ, ಉಸಿರೇ ಕುಗ್ಗಬಹುದು.

ಮನೋವೈದ್ಯರ ಮಾತ್ರೆಗಳೆಲ್ಲ ಚಟ ಹತ್ತಿಸುತ್ತವೆ ಎಂಬ ಮಾತೂ ಸರಿಯಲ್ಲ. ಖಿನ್ನತೆ, ಆತಂಕಕ್ಕೆ ದಿನವೂ ಕೊಡುವ ಎಸ್ಎಸ್ಆರ್‌ಐಗಳು ಆ ಬಗೆಯ ಚಟ ಹತ್ತಿಸುವುದಿಲ್ಲ. ಅವುಗಳ ಪರಿಣಾಮಕ್ಕೆ ಕೆಲವು ವಾರ ಬೇಕು, ನಿಲ್ಲಿಸುವಾಗ ಅವನ್ನೂ ನಿಧಾನವಾಗಿ ಇಳಿಸಬೇಕು.

ಅಪಸ್ಮಾರ, ಮೈಗ್ರೇನ್‌ನಲ್ಲೂ ಇಂಥದೇ ಅನುಭವವಾಗುವುದರಿಂದ ಮೊದಲು ತಪಾಸಣೆಯಾಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹೊರರೋಗಿ ವಿಭಾಗವಿದೆ. ಅಲ್ಲಿಯವರೆಗೆ ಹೋಗಲಾಗದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.