ಹೊಸ ಕೀಲಿಗೆ ನಡಿಗೆ ಕಲಿಸುವವರು

ಅರವತ್ತು ದಾಟಿದವರು ಸೊಂಟದ ಕೀಲು ಬದಲಿಸಿಕೊಂಡರೆ, ಹಿಂದೊಮ್ಮೆ ನೆಟ್ಟಗೆ ನಡೆದ ನೆನಪು ಅವರ ಮೈಯಲ್ಲಿರುತ್ತದೆ. ಎಳವೆಯಲ್ಲೇ ಕೀವು ತುಂಬಿಯೋ, ಕ್ಷಯ ತಗುಲಿಯೋ, ಪರ್ತಿಸ್ ಕಾಯಿಲೆಯಿಂದ ತೊಡೆಮೂಳೆಯ ತಲೆ ಚಪ್ಪಟೆಯಾಗಿಯೋ ಕೀಲು ಕೆಟ್ಟವರಿಗೆ ಆ ನೆನಪೇ ಇಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಆಪರೇಷನ್ ಮುಗಿಸಿ ಎದ್ದಾಗ ಹಳೆಯ ನೋವು ಹೋಗಿರುತ್ತದೆ, ಕುಂಟು ಉಳಿದಿರುತ್ತದೆ. ಅಲ್ಲಿಂದಾಚೆ ಫಿಜಿಯೋಥೆರಪಿಸ್ಟರ ಕೆಲಸ.

ಒಂಟಿಕಾಲಲ್ಲಿ ನಿಂತಾಗ ಸೊಂಟ ಇನ್ನೊಂದು ಬದಿಗೆ ಜೋಲದಂತೆ ಹಿಡಿಯುವುದು ಕುಂಡಿಯ ಪಕ್ಕದ ಸ್ನಾಯು. ಅದು ಸೋತಿದೆಯೇ ಎಂದು ನೋಡುವ ಪರೀಕ್ಷೆಯನ್ನು ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಇಂದಿಗೂ ಅದು ಅವರ ಹೆಸರಲ್ಲೇ ಇದೆ. ವರ್ಷಗಟ್ಟಲೆ ದುಡಿಯದ ಸ್ನಾಯು ವಾರದಲ್ಲಿ ಎಚ್ಚರಗೊಳ್ಳುವುದಿಲ್ಲ. ಮೊದಲು ಮಲಗಿದಲ್ಲೇ ಕಾಲನ್ನು ಹೊರಕ್ಕೆ ಜರುಗಿಸಬೇಕು, ಬಲ ಬಂದಂತೆ ನಿಂತು ಎತ್ತಬೇಕು, ಮತ್ತೆ ಕನ್ನಡಿ ಮುಂದೆ ಹೆಜ್ಜೆ. ಕೋಲು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿರಬೇಕು. ಎರಡೂ ಕಾಲು ಸಮವಾದ ಮೇಲೂ ‘ಈ ಕಾಲು ಉದ್ದ ಆಗೇತ್ರಿ’ ಅನ್ನುವವರುಂಟು. ಓರೆಯಾಗಿದ್ದ ಸೊಂಟ, ಬಾಗಿದ್ದ ಬೆನ್ನು ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಗಾಬರಿಯಾಗಿ ಚಪ್ಪಲಿಗೆ ಅಟ್ಟೆ ಏರಿಸಬಾರದು.

ಆಪರೇಷನ್ ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಬದುಕು ಊರಲ್ಲೇ. ಹಿಂಬದಿಯಿಂದ ಕೊಯ್ದು ಕೀಲು ಕೂರಿಸಿದ್ದರೆ ಮೊದಲ 6ರಿಂದ 12 ವಾರ ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು, ಕೀಲು ಜಾರೀತು. ಗಂಗಾವತಿ ತಾಲ್ಲೂಕಿನ ಹೇಮಗುಡ್ಡದಂಥ ಊರಲ್ಲಿ ರೊಟ್ಟಿ ಬಡಿಯುವುದು, ಉಣ್ಣುವುದು, ಬಟ್ಟೆ ಒಗೆಯುವುದು ಬಹುಪಾಲು ನೆಲದ ಮೇಲೇ. ವಾರ್ಡಿನಲ್ಲಿ ನಡೆಸಿ ಕಳಿಸಿದರೆ ಸಾಲದು, ಮನೆಯ ನೆಲದ ಲೆಕ್ಕವನ್ನೂ ಕೇಳುವವರೇ ನಿಜವಾದ ಫಿಜಿಯೋಥೆರಪಿಸ್ಟ್ ಎಂದು ನನ್ನ ನಂಬಿಕೆ. ಅಲ್ಲಿನ ದುರ್ಗಾದೇವಿ ಗುಡಿಯ ದಸರೆಗೆ ಹೋಗುವ ಆಸೆಯನ್ನೂ ಅವರು ಕೇಳಬೇಕು: ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು.

ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ರೂಪಿಸಿದ ಮಾದರಿಯಿಂದ ಇಂದಿನ ಕೃತಕ ಕೀಲುಗಳು ಬೆಳೆದವು. 25 ವರ್ಷದ ನಂತರ ನೂರರಲ್ಲಿ ಸುಮಾರು 58 ಕೀಲು ಉಳಿದಿರುತ್ತವೆ ಎಂದು 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನ ಹೇಳಿತು. ಹರೆಯದವರ ಓಡಾಟ ಹೆಚ್ಚು, ಆಯುಷ್ಯವೂ ಉದ್ದ. ಎರಡನೆಯ ಆಪರೇಷನ್ ಬೇಕಾಗಬಹುದೆಂದು ಮೊದಲೇ ತಿಳಿಸಬೇಕು. ನೋವಿಲ್ಲದಿದ್ದರೂ ಡಾಕ್ಟರು ಹೇಳಿದ ಗಡುವಿಗೆ ಎಕ್ಸ್‌ರೇ ತೆಗೆಸಬೇಕು, ಮೂಟೆ ಹೊರುವ ಕೆಲಸ ಬಿಡಬೇಕು. ಒಲೆಯನ್ನು ಕಟ್ಟೆಯ ಮೇಲಿಡುವುದು, ಕಮೋಡ್ ಹಾಕಿಸುವುದು ಮನೆಯವರ ಪಾಲು. ಆಸ್ಪತ್ರೆಗೆ ಸೇರಿಸುವ ಮುಂಚೆಯೇ ಆಗಬೇಕಾದದ್ದು.