ವೆಬ್ ತಂತ್ರಾಂಶಗಳಲ್ಲಿ ಪ್ರಾಕ್ಸಿ ಸರ್ವರ್ ದೃಢೀಕರಣ: ಸದಸ್ಯರು ಅರಿತಿರಬೇಕಾದ ಅಂಶಗಳು

ಕಚೇರಿಯಿಂದ ಹೊರಹೋಗುವ ಪ್ರತಿಯೊಂದು ಪತ್ರವೂ ಜಾವಕ ವಹಿಯಲ್ಲಿ ದಾಖಲಾದ ನಂತರವೇ ರವಾನೆಯಾಗುತ್ತದೆ. ಅನೇಕ ಕಚೇರಿಗಳ ಗಣಕ ಜಾಲದಲ್ಲಿಯೂ ಇಂಥದೇ ವ್ಯವಸ್ಥೆಯಿರುತ್ತದೆ. ಅಲ್ಲಿನ ಗಣಕಯಂತ್ರಗಳು ಹೊರಗಿನ ಜಾಲತಾಣವನ್ನು ನೇರವಾಗಿ ಸಂಪರ್ಕಿಸದೆ, ನಡುವಿನ ಒಂದು ಸರ್ವರ್ ಮೂಲಕ ಸಂಪರ್ಕಿಸುತ್ತವೆ. ಇದೇ ಪ್ರಾಕ್ಸಿ ಸರ್ವರ್. ಕೋರಿಕೆ ಯಾರದೆಂಬುದನ್ನು ಬಳಕೆದಾರರ ಹೆಸರು ಹಾಗೂ ಗುಪ್ತಪದದಿಂದ ಖಚಿತಪಡಿಸಿಕೊಂಡ ಬಳಿಕವೇ ಅದು ದಾರಿ ಬಿಡುವಂತೆ ಏರ್ಪಡಿಸಬಹುದು. ಇದಕ್ಕೆ ದೃಢೀಕರಣ ಎನ್ನಲಾಗುತ್ತದೆ.

ಬ್ರೌಸರ್ ಗುಪ್ತಪದ ಕೇಳಿದಾಗ ಸಿಬ್ಬಂದಿ ಅದನ್ನು ನಮೂದಿಸುತ್ತಾರೆ. ಆದರೆ ಬ್ಯಾಂಕಿನಿಂದ ಪಾವತಿಯ ಸ್ಥಿತಿಯನ್ನು ಪಡೆಯುವ ಅಥವಾ ನಾಗರಿಕರ ಮೊಬೈಲ್‌ಗೆ ಸಂದೇಶ ಕಳುಹಿಸುವ ವೆಬ್ ತಂತ್ರಾಂಶವು ಸರ್ವರ್‌ನಲ್ಲಿ ತಾನಾಗಿಯೇ ಕಾರ್ಯನಿರ್ವಹಿಸುತ್ತದೆ. ಅಲ್ಲಿ ಗುಪ್ತಪದ ನಮೂದಿಸಲು ಯಾರೂ ಇರುವುದಿಲ್ಲ. ಆದುದರಿಂದ ಪ್ರಾಕ್ಸಿಯ ವಿಳಾಸ, ಪೋರ್ಟ್ ಸಂಖ್ಯೆ, ಬಳಕೆದಾರರ ಹೆಸರು ಮತ್ತು ಗುಪ್ತಪದ, ಈ ನಾಲ್ಕನ್ನೂ ತಂತ್ರಾಂಶಕ್ಕೆ ಮುಂಚಿತವಾಗಿ ಒದಗಿಸಿರಬೇಕು. ಇದರಲ್ಲಿ ಲೋಪವಾದರೆ ಬ್ರೌಸರ್ ಸರಿಯಾಗಿದ್ದರೂ ತಂತ್ರಾಂಶ ಸ್ಥಗಿತಗೊಳ್ಳುತ್ತದೆ. ತೆರಿಗೆ ಪಾವತಿಸಿದ ನಾಗರಿಕರ ಹೆಸರಿನಲ್ಲಿ ಬಾಕಿ ಹಾಗೆಯೇ ಉಳಿದಂತೆ ತೋರಬಹುದು.

ದೋಷವನ್ನು ಗುರುತಿಸುವುದು ಕಷ್ಟವಲ್ಲ. ತಂತ್ರಾಂಶದ ದೋಷ ದಾಖಲೆಯಲ್ಲಿ 407 ಎಂಬ ಸಂಖ್ಯೆಯಿದ್ದರೆ ಪ್ರಾಕ್ಸಿಯು ದೃಢೀಕರಣ ಕೇಳುತ್ತಿದೆ ಎಂದರ್ಥ. 401 ಎಂದಿದ್ದರೆ ದೃಢೀಕರಣ ಕೇಳುತ್ತಿರುವುದು ಪ್ರಾಕ್ಸಿಯಲ್ಲ, ಸಂಪರ್ಕಿಸಲು ಹೊರಟ ಜಾಲತಾಣ. ಮೊದಲನೆಯದನ್ನು ಜಾಲ ನಿರ್ವಾಹಕರ ಗಮನಕ್ಕೂ ಎರಡನೆಯದನ್ನು ಸಂಬಂಧಿಸಿದ ಜಾಲತಾಣದ ನಿರ್ವಾಹಕರ ಗಮನಕ್ಕೂ ತರಬೇಕಾಗುತ್ತದೆ.

ಸಂರಚನೆಯಲ್ಲಿ ಪಾಲಿಸಬೇಕಾದ ಕ್ರಮಗಳು:

1. ತಂತ್ರಾಂಶಕ್ಕೆ ಪ್ರತ್ಯೇಕ ಖಾತೆಯಿರಬೇಕು. ನೌಕರರೊಬ್ಬರ ವೈಯಕ್ತಿಕ ಖಾತೆಯನ್ನು ಬಳಸಿದರೆ, ಅವರು ವರ್ಗಾವಣೆಗೊಂಡು ಖಾತೆ ರದ್ದಾದ ದಿನವೇ ಸೇವೆ ನಿಲ್ಲುತ್ತದೆ.

2. ಗುಪ್ತಪದವನ್ನು ತಂತ್ರಾಂಶದ ಮೂಲ ಸಂಕೇತದಲ್ಲಿ ಬರೆಯದೆ, ಅಧಿಕೃತರು ಮಾತ್ರ ತೆರೆಯಬಹುದಾದ ಪ್ರತ್ಯೇಕ ಕಡತದಲ್ಲಿರಿಸಬೇಕು.

3. ಗುಪ್ತಪದವನ್ನು ಪ್ರಾಕ್ಸಿಯ ವಿಳಾಸದೊಳಗೇ ಸೇರಿಸುವುದಾದರೆ ಅದರಲ್ಲಿನ @ ಚಿಹ್ನೆಯನ್ನು %40 ಎಂದು ಬರೆಯಬೇಕು. ಇಲ್ಲವಾದಲ್ಲಿ ವಿಳಾಸವೇ ತಪ್ಪಾಗಿ ಗ್ರಹಿಸಲ್ಪಡುತ್ತದೆ.

4. ಕಚೇರಿಯ ಒಳಜಾಲದಲ್ಲಿರುವ ಸರ್ವರ್‌ಗಳ ವಿಳಾಸಗಳನ್ನು ಪ್ರಾಕ್ಸಿಯ ವಿನಾಯಿತಿ ಪಟ್ಟಿಯಲ್ಲಿ ಸೇರಿಸಬೇಕು.

5. ಬೇಸಿಕ್ ಎಂಬ ವಿಧಾನದಲ್ಲಿ ಗುಪ್ತಪದದ ರೂಪ ಬದಲಾಗುತ್ತದೆಯೇ ಹೊರತು ಅದು ಗೂಢಲಿಪಿಯಾಗುವುದಿಲ್ಲ. ನಡುವೆ ಕದ್ದು ನೋಡಿದವರು ಅದನ್ನು ಸುಲಭವಾಗಿ ಓದಬಲ್ಲರು. ಈ ವಿಧಾನವನ್ನು ಬಳಸುವಾಗ ಪ್ರಾಕ್ಸಿಯವರೆಗಿನ ಸಂಪರ್ಕವೂ ಸುರಕ್ಷಿತವಾಗಿರಬೇಕು.

ಯಾವ ಖಾತೆಯಿಂದ, ಯಾವ ಸಮಯದಲ್ಲಿ, ಯಾವ ತಾಣಕ್ಕೆ ಕೋರಿಕೆ ಹೋಯಿತೆಂಬುದನ್ನು ಪ್ರಾಕ್ಸಿ ಸರ್ವರ್ ದಾಖಲಿಸಿಡಬಲ್ಲದು. ಹೀಗಾಗಿ ತಮ್ಮ ಗುಪ್ತಪದವನ್ನು ಇತರರಿಗೆ ನೀಡಿದವರ ಹೆಸರಿನಲ್ಲಿಯೇ ಆ ಇತರರ ಕೃತ್ಯವೂ ದಾಖಲಾಗುತ್ತದೆ. ಮತ್ತೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಅಡಿಯಲ್ಲಿ 3 ವರ್ಷಗಳವರೆಗಿನ ಕಾರಾಗೃಹ ವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿದೆ.

ಸಂರಚನೆಯ ಕೆಲಸ ತಾಂತ್ರಿಕ ಸಿಬ್ಬಂದಿಯದು. ಅದರ ಮೇಲಿನ ನಿಗಾ ಸದಸ್ಯರದು. ಸೇವೆ ಸ್ಥಗಿತಗೊಂಡಾಗ ‘ಸರ್ವರ್ ಇಲ್ಲ’ ಎಂಬ ಉತ್ತರಕ್ಕೆ ತೃಪ್ತರಾಗದೆ, ದಾಖಲಾದ ದೋಷ ಸಂಖ್ಯೆ ಯಾವುದು, ಖಾತೆ ಯಾರ ಹೆಸರಿನಲ್ಲಿದೆ, ಗುಪ್ತಪದವನ್ನು ಕೊನೆಯದಾಗಿ ಎಂದು ಬದಲಾಯಿಸಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಸಾಮಾನ್ಯ ಸಭೆಯಲ್ಲಿ ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಗುಪ್ತಪದವನ್ನು ಮಾತ್ರ ಸಭೆಯಲ್ಲಿ ಕೇಳತಕ್ಕದ್ದಲ್ಲ, ನಡವಳಿಯಲ್ಲಿ ಬರೆಯತಕ್ಕದ್ದೂ ಅಲ್ಲ.