ಗಡ್ಡೆಯ ರೂಪ, ಅಂಗದ ಕ್ರಿಯೆ: ಕಾಂತೀಯ ಅನುರಣನ ಚಿತ್ರಣದ ಸಾಕ್ಷ್ಯ

ದೇಹದಲ್ಲಿ ಉಂಟಾಗುವ ಅಸಹಜ ಬೆಳವಣಿಗೆಗಳಿಗೆ ಕನ್ನಡ ಜನಭಾಷೆಯಲ್ಲಿ ಗಂಟು, ಗಡ್ಡೆ, ಬಾವು ಮೊದಲಾದ ಹೆಸರುಗಳಿವೆ. ಇವು ಬಹುಮಟ್ಟಿಗೆ ಕಣ್ಣು ಮತ್ತು ಕೈಗಳ ಅನುಭವವನ್ನು ಆಧರಿಸಿದವು. ಮಣ್ಣಿನಡಿ ಬೆಳೆಯುವ ಗೆಡ್ಡೆಗೂ ಮೈಯೊಳಗೆ ಬೆಳೆಯುವ ಗಡ್ಡೆಗೂ ಹೆಸರು ಒಂದೇ. ಶಾಸ್ತ್ರಪರಂಪರೆಯಲ್ಲಿ ಸುಶ್ರುತಸಂಹಿತೆಯು ಗ್ರಂಥಿ ಮತ್ತು ಅರ್ಬುದಗಳನ್ನು ಬೇರೆಬೇರೆಯಾಗಿಯೇ ವಿವರಿಸುತ್ತದೆ. ಆದರೆ ಮಿದುಳು, ಹೃದಯಗಳಂತಹ ಕೈಗೆಟುಕದ ಅಂಗಗಳ ವಿಷಯದಲ್ಲಿ ಸ್ಪರ್ಶಜ್ಞಾನಕ್ಕೆ ಮಿತಿಯಿದೆ. ಇರುವ ಗಡ್ಡೆ ನಿರಪಾಯಕಾರಿಯೋ ಮಾರಕವೋ ಎಂಬುದನ್ನು ಹೆಸರು ಹೇಳುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳಲ್ಲಿ ಕಾಂತೀಯ ಅನುರಣನ ಚಿತ್ರಣ, ಅಂದರೆ ಎಂ.ಆರ್.ಐ., ಪ್ರಮುಖವಾದುದು. ಅದು ನೀಡುವ ಉತ್ತರ ಒಂದೇ ಲಕ್ಷಣದಿಂದ ಹೊರಡುವುದಿಲ್ಲ, ಹಲವು ಲಕ್ಷಣಗಳನ್ನು ಕೂಡಿಸಿ ಓದುವುದರಿಂದ ಹೊರಡುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮಾನವದೇಹದಲ್ಲಿ ನೀರು ಮತ್ತು ಕೊಬ್ಬು ಹೇರಳವಾಗಿವೆ, ಇವೆರಡರಲ್ಲಿಯೂ ಜಲಜನಕವಿದೆ. ಜಲಜನಕದ ನ್ಯೂಕ್ಲಿಯಸ್ಸಾದ ಪ್ರೋಟಾನು ಅತಿಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾದ ೧.೫ ಟೆಸ್ಲಾ ಯಂತ್ರದ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ೩೦,೦೦೦ ಪಟ್ಟು ಪ್ರಬಲ. ಅದರೊಳಗೆ ಸೆಕೆಂಡಿಗೆ ಸುಮಾರು ೬.೪ ಕೋಟಿ ಕಂಪನಗಳ ರೇಡಿಯೋ ತರಂಗವನ್ನು ಹಾಯಿಸಿದಾಗ ಪ್ರೋಟಾನುಗಳು ಶಕ್ತಿಯನ್ನು ಹೀರಿಕೊಳ್ಳುತ್ತವೆ. ತರಂಗವನ್ನು ನಿಲ್ಲಿಸಿದೊಡನೆ ಅವು ಕ್ಷೀಣವಾದ ಸಂಕೇತವನ್ನು ಹೊರಸೂಸುತ್ತ ಮೊದಲಿನ ಸ್ಥಿತಿಗೆ ಮರಳುತ್ತವೆ. ಈ ಮರಳುವಿಕೆಗೆ ತಗಲುವ ಅವಧಿಗೆ ವಿಶ್ರಾಂತಿ ಕಾಲವೆಂದು ಹೆಸರು. ಕೊಬ್ಬು, ಸ್ನಾಯು, ದ್ರವ, ಗಡ್ಡೆಗಳಲ್ಲಿ ಅದು ಬೇರೆಬೇರೆಯಾಗಿರುವುದರಿಂದಲೇ ಚಿತ್ರದಲ್ಲಿ ಕಪ್ಪುಬಿಳುಪಿನ ವ್ಯತ್ಯಾಸ ಮೂಡುತ್ತದೆ. ಈ ವಿಧಾನದಲ್ಲಿ ಕ್ಷ-ಕಿರಣದ ಬಳಕೆಯಿಲ್ಲ.

೧೯೪೬ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಪ್ರತ್ಯೇಕವಾಗಿ ಈ ಅನುರಣನವನ್ನು ಪ್ರಯೋಗದಲ್ಲಿ ಗುರುತಿಸಿದರು. ೧೯೭೧ರಲ್ಲಿ ಅಮೆರಿಕದ ರೇಮಂಡ್ ಡಮಾಡಿಯನ್, ಇಲಿಗಳ ಮಾರಕ ಗಡ್ಡೆಗಳಲ್ಲಿ ವಿಶ್ರಾಂತಿ ಕಾಲವು ದೀರ್ಘವಾಗಿರುವುದನ್ನು ಪ್ರಕಟಿಸಿದರು. ೧೯೭೩ರಲ್ಲಿ ಪಾಲ್ ಲಾಟರ್ಬರ್, ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಕಾಂತಕ್ಷೇತ್ರವನ್ನು ಬಳಸಿ ಸಂಕೇತಗಳಿಂದ ಚಿತ್ರವನ್ನು ರಚಿಸುವ ಮಾರ್ಗವನ್ನು ತೋರಿದರು. ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಶೀಘ್ರ ಚಿತ್ರಣದತ್ತ ಬೆಳೆಸಿದರು. ಇವರಿಬ್ಬರಿಗೆ ೨೦೦೩ರ ನೊಬೆಲ್ ಪ್ರಶಸ್ತಿ ಸಂದಿತು; ಡಮಾಡಿಯನ್ನರಿಗೆ ಅದು ದೊರೆಯದಿದ್ದುದು ವಿವಾದಕ್ಕೆ ಎಡೆಮಾಡಿತು.

ಒಂದು ಸಂಖ್ಯೆಯಿಂದಲೇ ಕ್ಯಾನ್ಸರನ್ನು ಗುರುತಿಸಬಹುದೆಂಬ ೧೯೭೧ರ ನಿರೀಕ್ಷೆ ಮುಂದೆ ಈಡೇರಲಿಲ್ಲ. ಉರಿಯೂತದಲ್ಲಿ, ನೀರು ತುಂಬಿದ ಬಾವಿನಲ್ಲಿ ಸಹ ವಿಶ್ರಾಂತಿ ಕಾಲ ದೀರ್ಘವಾಗುತ್ತದೆ. ಅನಂತರ ಬಳಕೆಗೆ ಬಂದ ವಿಸರಣ ಚಿತ್ರಣವು ನೀರಿನ ಅಣುಗಳ ಚಲನೆಯನ್ನು ಅಳೆಯುತ್ತದೆ. ಜೀವಕೋಶಗಳು ಒತ್ತೊತ್ತಾಗಿರುವ ಗಡ್ಡೆಯಲ್ಲಿ ಈ ಚಲನೆಗೆ ಅಡ್ಡಿಯಾಗುತ್ತದೆ. ಆದರೆ ಮಂದವಾದ ಕೀವು ತುಂಬಿದ ಕುರುವಿನಲ್ಲಿಯೂ ಅದೇ ಅಡ್ಡಿ ಕಂಡುಬರುತ್ತದೆ. ಆದುದರಿಂದ ವಿಶ್ರಾಂತಿ ಕಾಲ, ವಿಸರಣ, ಗಡೊಲಿನಿಯಂ ಚುಚ್ಚುಮದ್ದಿನ ನಂತರ ರಕ್ತಸಂಚಾರ ತೋರುವ ಬಗೆ ಇವುಗಳನ್ನು ಜೊತೆಯಾಗಿಟ್ಟು ನೋಡಬೇಕಾಗುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಶಂಕೆಯನ್ನು ೧ರಿಂದ ೫ರವರೆಗಿನ ಅಂಕಗಳಲ್ಲಿ ಸೂಚಿಸುವ ಕ್ರಮ ಇಂತಹ ಸಂಯುಕ್ತ ಓದಿಗೆ ನಿದರ್ಶನ. ಒಂದೇ ಪಾಠದಿಂದ ಕಥೆಯೊಂದರ ಸ್ವರೂಪವನ್ನು ನಿರ್ಣಯಿಸದ ಜಾನಪದ ಅಧ್ಯಯನಕ್ಕೆ ಈ ತತ್ತ್ವ ಅಪರಿಚಿತವಲ್ಲ. ಹೀಗಿದ್ದೂ ಬಹುಪಾಲು ಸಂದರ್ಭಗಳಲ್ಲಿ ಅಂತಿಮ ನಿರ್ಣಯ ಅಂಗಾಂಶ ಪರೀಕ್ಷೆಯದೇ.

ಚಿಕಿತ್ಸೆಯ ಫಲವನ್ನು ಅಳೆಯುವಾಗಲೂ ಇದೇ ಎಚ್ಚರ ಅಗತ್ಯ. ೨೦೦೦ದಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಗಡ್ಡೆಗಳ ಉದ್ದಳತೆಯ ಮೊತ್ತ ಶೇ. ೩೦ರಷ್ಟು ತಗ್ಗಿದರೆ ಭಾಗಶಃ ಗುಣ, ಶೇ. ೨೦ರಷ್ಟು ಹೆಚ್ಚಿದರೆ ರೋಗದ ಮುನ್ನಡೆ. ಆದರೆ ಮಿದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆಯಾದ ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆಯ ಪರಿಣಾಮವೇ ಗಡ್ಡೆಯ ಬೆಳವಣಿಗೆಯಂತೆ ಕಾಣುವುದುಂಟು. ಅಳತೆಪಟ್ಟಿಯನ್ನೇ ನಂಬಿದರೆ ಫಲ ಕೊಡುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸುವ ಅಪಾಯವಿದೆ.

ರೂಪದಂತೆ ಕ್ರಿಯೆಯನ್ನೂ ಈ ಚಿತ್ರಣ ಅಳೆಯುತ್ತದೆ. ಹೃದಯದ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆಂಬುದನ್ನು ಅದು ನಿಖರವಾಗಿ ಲೆಕ್ಕಹಾಕಬಲ್ಲದು. ಪದೇಪದೇ ರಕ್ತ ಪಡೆಯಬೇಕಾದ ಥಲಸೀಮಿಯಾ ರೋಗಿಗಳ ಅಂಗಗಳಲ್ಲಿ ಕಬ್ಬಿಣ ಶೇಖರವಾಗುತ್ತದೆ. ೨೦೦೧ರಲ್ಲಿ ಲಂಡನ್ನಿನ ಸಂಶೋಧಕರು ಟಿ-೨ ಸ್ಟಾರ್ ಎಂಬ ಅಳತೆಯಿಂದ ಹೃದಯದ ಕಬ್ಬಿಣವನ್ನು ಗುರುತಿಸಿದರು. ೧.೫ ಟೆಸ್ಲಾ ಯಂತ್ರದಲ್ಲಿ ಅದು ೨೦ ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಕಬ್ಬಿಣ ಸೇರಿದೆಯೆಂದೂ, ೧೦ಕ್ಕಿಂತ ಕಡಿಮೆಯಾದರೆ ಹೃದಯವೈಫಲ್ಯದ ಅಪಾಯ ತೀವ್ರವೆಂದೂ ಪರಿಗಣಿಸಲಾಗುತ್ತದೆ. ಯಕೃತ್ತಿನ ಕಬ್ಬಿಣವನ್ನು ನೋಡಿ ಹೃದಯದ ಸ್ಥಿತಿಯನ್ನು ಊಹಿಸಲಾಗದು ಎಂಬುದೂ ಇದರಿಂದ ಸ್ಪಷ್ಟವಾಯಿತು. ೧೯೯೫ರಲ್ಲಿ ಪ್ರಕಟವಾದ ಮತ್ತೊಂದು ವಿಧಾನದಲ್ಲಿ ಹೊರಗಿನಿಂದ ನೀಡಿದ ಕಂಪನ ಅಂಗದೊಳಗೆ ಹರಡುವ ರೀತಿಯಿಂದ ಅದರ ಗಡಸುತನವನ್ನು ಅಳೆಯಲಾಗುತ್ತದೆ. ವೈದ್ಯರ ಬೆರಳು ಶತಮಾನಗಳಿಂದ ಅರಸುತ್ತಿದ್ದ ಲಕ್ಷಣವೇ ಇಲ್ಲಿ ಅಂಕಿಯಾಗಿ ದೊರೆಯುತ್ತದೆ.

ಈ ವಿಧಾನಕ್ಕೆ ಅದರದೇ ಅಪಾಯಗಳೂ ಇವೆ. ದೇಹದೊಳಗಿನ ಕೆಲವು ಲೋಹಸಾಧನಗಳು ಕಾಂತಕ್ಷೇತ್ರಕ್ಕೆ ಸಲ್ಲವು. ಮೂತ್ರಪಿಂಡ ತೀವ್ರವಾಗಿ ಕುಂದಿದವರಲ್ಲಿ ಚರ್ಮ ಮತ್ತು ಅಂಗಗಳು ಬಿಗಿಯುವ ಅಪರೂಪದ ರೋಗಕ್ಕೂ ಗಡೊಲಿನಿಯಂಗೂ ನಂಟಿರುವುದು ೨೦೦೬ರಲ್ಲಿ ಬೆಳಕಿಗೆ ಬಂದಿತು. ಅನಂತರ ಮದ್ದಿನ ಆಯ್ಕೆ ಬಿಗಿಗೊಂಡು ಆ ರೋಗ ಬಹಳ ವಿರಳವಾಗಿದೆ.

ಕರ್ನಾಟಕದಲ್ಲಿ ಇಂತಹ ಪರೀಕ್ಷೆಯ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯವರ ಕಿವಿಗೆ ಬೀಳುವುದು 'ಗಡ್ಡೆಯಿದೆ' ಎಂಬ ಒಂದು ಮಾತು. ಶಂಕೆ, ಸಂಭವ, ನಿರ್ಣಯ ಎಂದು ವರದಿಯಲ್ಲಿರುವ ಅಂತರಗಳೆಲ್ಲ ಆ ಒಂದು ಪದದಲ್ಲಿ ಕರಗಿ, ಲಕ್ಷಣವನ್ನೇ ತೀರ್ಪೆಂದು ಭಾವಿಸುವ ಸಂದರ್ಭಗಳು ಒದಗುತ್ತವೆ. ಗಂಟು, ಕುರು, ಬಾವು, ಗಡ್ಡೆಗಳ ಅರ್ಥಛಾಯೆಗಳನ್ನು ಪ್ರದೇಶವಾರು ಸಂಗ್ರಹಿಸಿ ವೈದ್ಯರ ಬಳಕೆಗೆ ಒದಗಿಸುವುದು ಜಾನಪದ ವಿದ್ವಾಂಸರು ಕೈಗೊಳ್ಳಬೇಕಾದ ಕಾರ್ಯ.